ಎಡಗಡೆಯ ಪೆಡಲ್

ಬೇಕರಿಯ ಯಜಮಾನ ಹೇಳಿದ್ದು ಒಂದೇ ಮಾತು. ಸೋಮವಾರ ಬೆಳಗ್ಗೆ ಐದಕ್ಕೆ ಒಲೆ ಹೊತ್ತಿಸುವಾಗ ಇರಬೇಕು, ಕಾಲು ಗಂಟೆ ತಡವಾದರೂ ಆ ಕೆಲಸಕ್ಕೆ ಬೇರೆಯವರಿದ್ದಾರೆ. ಮೊದಲ ಬಸ್ಸು ಹೊರಡುವುದೇ ಆರಕ್ಕೆ. ಹಾಗಾಗಿ ಸೊಸೆಗೆ ಸೈಕಲ್ ಬೇಕಾಯಿತು, ಅದೂ ನಾಲ್ಕೇ ದಿನದಲ್ಲಿ. ಹೊಸದರ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

"ಇಡೀ ಸೈಕಲ್ ಯಾರೂ ಕೊಡಲ್ಲ ಕಣೇ," ಎಂದರು ಅತ್ತೆ. "ಬಿಡಿಬಿಡಿಯಾಗಿ ಕೇಳಿದ್ರೆ ಕೊಡ್ತಾರೆ. ನಡಿ."

ಮೂವತ್ತು ವರ್ಷ ಆ ಬೀದಿಯವರ ಬಟ್ಟೆ ಹೊಲಿದ ಅತ್ತೆಗೆ, ಯಾರ ಮೆಟ್ಟಿಲ ಕೆಳಗೆ ಏನು ಕೊಳೆಯುತ್ತಿದೆ ಎಂಬುದು ಆ ಮನೆಯವರಿಗಿಂತ ಚೆನ್ನಾಗಿ ಗೊತ್ತು. ಗುರುವಾರ ಎದುರು ಕಟ್ಟಡದ ಕಾವಲುಗಾರ, "ತಗೊಂಡು ಹೋಗಿ, ಗುಡಿಸೋಕೆ ಅಡ್ಡ," ಎನ್ನುತ್ತ ಒಂದು ಫ್ರೇಮನ್ನು ಎತ್ತಿಕೊಟ್ಟ. ಶುಕ್ರವಾರ ನಿವೃತ್ತ ಪೋಸ್ಟ್‌ಮನ್ ಎರಡು ಚಕ್ರ ಕೊಟ್ಟು, ಬದಲಿಗೆ ತನ್ನ ಪರದೆಗಳಿಗೆ ಅಂಚು ಹೊಲಿಸಿಕೊಂಡ. ಪೇಂಟರನ ಅಟ್ಟದಲ್ಲಿ ಸಿಕ್ಕಿದ ಚೈನು ಒಂದಿಡೀ ದಿನ ಸೀಮೆಎಣ್ಣೆಯಲ್ಲಿ ನೆನೆದ ಮೇಲೆ ಹಾವಿನ ಮರಿಯಂತೆ ಬಳುಕಿತು. ಒಂದೊಂದು ಸಿಕ್ಕಾಗಲೂ ಸೊಸೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಸಿಗದೆ ಉಳಿದದ್ದು ಎಡಗಡೆಯ ಪೆಡಲ್ ಒಂದೇ. ಅಂಗಡಿಗಳೆಲ್ಲ ಮುಚ್ಚಿದ್ದವು. ಇಬ್ಬರೂ ಸೈಕಲ್ಲನ್ನು ತಳ್ಳಿಕೊಂಡು ಗುಜರಿಯವನಲ್ಲಿಗೆ ಹೋದರು.

ಗೋಡೆಗೆ ಒರಗಿದ್ದ ಹನ್ನೆರಡು ಮುರುಕು ಸೈಕಲ್ಲುಗಳ ಕಡೆಗೆ ಸೊಸೆ ಓಡಿದಳು. ಬಲಗಡೆಯ ಪೆಡಲ್ ಒಂದರಲ್ಲೂ ಇಲ್ಲ. ಎಡಗಡೆಯದು ಎಲ್ಲದರಲ್ಲೂ ಇದೆ.

"ಅತ್ತೆ, ನಮಗೆ ಬೇಕಾದ್ದೇ ಇದೆ ಇಲ್ಲಿ. ಒಂದಲ್ಲ, ಹನ್ನೆರಡು."

"ಅಷ್ಟು ಬೇಗ ಕುಣೀಬೇಡಿ," ಎಂದ ಗುಜರಿಯವನು. "ತುಕ್ಕು ಹಿಡಿದು ಕಚ್ಕೊಂಡಿವೆ. ನಾನೇ ಸೋತು ಬಿಟ್ಟಿರೋದು. ಬಿಚ್ಚಿದ್ರೆ ಪುಕ್ಕಟೆ ನಿಮ್ಮದು."

ಅವನು ಕೊಟ್ಟ ಸ್ಪ್ಯಾನರ್ ಹಿಡಿದು ಸೊಸೆ ಅಂಗೈ ಕೆಂಪಾಗುವವರೆಗೆ ತಿರುಗಿಸಿದಳು. ಅವನೂ ಬಂದು ಜೋತುಬಿದ್ದ. ಕುತ್ತಿಗೆಯ ನರ ಉಬ್ಬಿತೇ ಹೊರತು ಪೆಡಲ್ ಮಿಸುಕಲಿಲ್ಲ. ಬೇಕರಿಯ ಒಲೆಯ ಮುಂದೆ ಇನ್ನಾರೋ ನಿಂತಿರುವುದು ಸೊಸೆಯ ಕಣ್ಣಿಗೆ ಕಟ್ಟಿತು.

ಅತ್ತೆ ಹಳೆಯ ಟೈರಿನ ಮೇಲೆ ಕೂತು ಆ ಸಾಲನ್ನೇ ನೋಡುತ್ತಿದ್ದರು. "ಅಲ್ಲಪ್ಪಾ, ಬಲಗಡೆಯವು ಎಲ್ಲಾ ಬಂದ್ವು, ಎಡಗಡೆಯವು ಒಂದೂ ಬರಲಿಲ್ಲ. ತುಕ್ಕಿಗೆ ಎಡ ಬಲ ಗೊತ್ತಾ?"

ಗುಜರಿಯವನು ಸ್ಪ್ಯಾನರನ್ನು ಮತ್ತೆ ಪೆಡಲಿಗೆ ಸಿಕ್ಕಿಸಿದ.

"ಯಾವ ಕಡೆಗೆ ತಿರುಗಿಸ್ತಿದ್ದೀಯ?"

"ಎಲ್ಲಾರೂ ತಿರುಗಿಸೋ ಕಡೆಗೇ."

"ಟೇಬಲ್ ಫ್ಯಾನಿನ ರೆಕ್ಕೆ ಬಿಚ್ಚಿ ಒರೆಸಿದ್ದೀಯಾ ಯಾವತ್ತಾದ್ರೂ?"

"ಅದು ನನ್ನ ಹೆಂಡತಿ ಕೆಲಸ ಅಮ್ಮಾ."

"ಅದಕ್ಕೇ ನೋಡು. ಆ ರೆಕ್ಕೆ ಹಿಡಿದಿರೋ ನಟ್ಟು ಉಲ್ಟಾ ಬಿಚ್ಚಬೇಕು. ತಿರುಗ್ತಾ ತಿರುಗ್ತಾ ತಾನೇ ಸಡಿಲ ಆಗ್ಬಾರ್ದು ಅಂತ ಹಾಗೆ ಮಾಡಿರ್ತಾರೆ. ಇದೂ ಅದರ ತಮ್ಮನೇ ಇರಬೇಕು. ಮಗಳೇ, ಬಿಗಿ ಮಾಡೋ ಕಡೆಗೆ ತಿರುಗಿಸು."

ಸೊಸೆ ಉಸಿರು ಬಿಗಿಹಿಡಿದು ಸ್ಪ್ಯಾನರಿನ ಮೇಲೆ ಭಾರ ಹಾಕಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಹಾಕಿದಳು. ಕಿರ್ ಎಂದಿತು. ಕೂದಲೆಳೆಯಷ್ಟು ಸರಿಯಿತು, ಆಮೇಲೆ ಕಾಲು ಸುತ್ತು, ಆಮೇಲೆ ಕೈಬೆರಳಿಗೇ ಸಲೀಸಾಗಿ ತಿರುಗುತ್ತ ಅಂಗೈಗೆ ಬಿದ್ದಿತು.

"ಹತ್ತು ವರ್ಷದಿಂದ ಇವನ್ನ ಬಿಗಿ ಮಾಡ್ತಾ ಕೂತಿದ್ನಾ ನಾನು," ಎಂದು ಗುಜರಿಯವನು ಸ್ಪ್ಯಾನರ್ ಕಿತ್ತುಕೊಂಡು ಎರಡನೆಯ ಸೈಕಲ್ಲಿಗೆ ಹಾರಿದ.

"ಮೊದಲು ನಮ್ಮದಕ್ಕೆ ಹಾಕಿಕೊಡು. ಹಾಕೋದೂ ಉಲ್ಟಾನೇ, ಮರೀಬೇಡ."

ಪೆಡಲ್ ಕೂತಿತು. ಸೊಸೆ ಹತ್ತಿ, ಡಬ್ಬಗಳ ರಾಶಿಯನ್ನು ಸುತ್ತಿ ಬಂದಳು. ಫ್ರೇಮು ಒಬ್ಬರದು, ಚಕ್ರ ಇನ್ನೊಬ್ಬರದು, ಆದರೂ ಎಲ್ಲ ಒಟ್ಟಿಗೆ ಓಡಿದವು. ಅವಳು ಇನ್ನೊಂದು ಸುತ್ತು ಹೊಡೆದಳು, ಸುಮ್ಮನೆ, ನಗುತ್ತ.

"ನಾಳೆ ಐದಕ್ಕೆ ಅಲ್ಲ ಅತ್ತೆ, ನಾಲ್ಕೂಮುಕ್ಕಾಲಿಗೇ ಬೇಕರಿ ಬಾಗಿಲಲ್ಲಿ ಇರ್ತೀನಿ. ಬನ್ನಿ, ಮನೆಗೆ ಹೋಗೋಣ."

ಅತ್ತೆ ಏಳಲಿಲ್ಲ. ರಾಶಿಯ ತಳದಿಂದ ಇಣುಕುತ್ತಿದ್ದ ಒಂದು ಕ್ಯಾರಿಯರ್ ಅವರ ಕಣ್ಣಿಗೆ ಬಿದ್ದಿತ್ತು.

"ನಡ್ಕೊಂಡು ಬಂದಿದ್ದು ಸಾಕು," ಎಂದರು. "ಅದನ್ನೂ ಎಳಿ."