ಬೇರಿನ ಕಷಾಯವೂ ತಣ್ಣಗಿದ್ದ ಇಸ್ತ್ರಿಯೂ

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನನ್ನ ಮೈಗೆ ಏರುತ್ತಿದ್ದ ಬಿಸಿ ಎಂಥದ್ದೆಂದರೆ, ನಮ್ಮ ಲಾಂಡ್ರಿಯಲ್ಲಿ ನಾನು ಅಂಗೈಯಲ್ಲೇ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಕಾಲರಿಗೆ ಹೆಬ್ಬೆರಳೊಂದೇ ಸಾಕಾಗುತ್ತಿತ್ತು.

ಆ ಬಿಸಿ ಅಜ್ಜಿಯ ಕಾಲದ ಬೇರಿನ ಕಷಾಯಕ್ಕೆ ಒಂದೇ ಗುಟುಕಿನಲ್ಲಿ ಇಳಿಯಿತೆಂದು ಬೀದಿಗೆಲ್ಲ ಡಂಗುರ ಸಾರಿದವಳೂ ನಾನೇ.

ನಂಬಿದವಳು ನನ್ನ ಓರಗಿತ್ತಿ. ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಮೇಜು ಅವಳದು. ಅವಳಿಗೂ ಅದೇ ಬಿಸಿ, ಅದೇ ನಿದ್ದೆಗೇಡು. ಜೊತೆಗೆ ಹೃದಯದ ತೊಂದರೆ. ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ. ಒಂದು ದಿನ ನಾನೇ ಕಷಾಯದ ಲೋಟ ತುಂಬಿಸಿ ಕೊಟ್ಟೆ. ಆಸ್ಪತ್ರೆಯಲ್ಲಿ ಅವಳಿಗೆ ಆ ಮಾತ್ರೆ ಕೊಡುವ ನರ್ಸಮ್ಮ ಅದೇ ಹೊತ್ತಿಗೆ ಒಗೆಯಲು ಕೊಟ್ಟಿದ್ದ ಕೋಟು ಒಯ್ಯಲು ಬಂದವರು ಕೈ ಅಡ್ಡ ಹಿಡಿದರು.

"ತಡಿಯಮ್ಮ. ಡಾಕ್ಟರನ್ನ ಕೇಳಿದ್ಯಾ?"

"ಗಿಡದ ಬೇರಿಗೂ ಡಾಕ್ಟರ್ ಅಪ್ಪಣೆ ಬೇಕಾ?" ಎಂದೆ ನಾನು.

"ಗಿಡದ್ದು ಅಂದಮಾತ್ರಕ್ಕೆ ನಿರಪಾಯ ಅಲ್ಲಕ್ಕ. ಕೆಲವು ಬೇರು ಈ ಮಾತ್ರೆ ಜೊತೆ ಸೇರಿದ್ರೆ ರಕ್ತಸ್ರಾವ ಆಗಬಹುದು. ಕೆಲವು ಲಿವರಿಗೆ ಪೆಟ್ಟು. ಕುಡೀಲೇಬೇಡಿ ಅಂತಲ್ಲ, ಕೇಳಿ ಕುಡೀರಿ. ಬಿಸಿಗೆ ಬೇರೆ ಚಿಕಿತ್ಸೆನೂ ಇದೆ."

"ನನ್ನನ್ನೇ ನೋಡಿ. ಮಂಜುಗಡ್ಡೆ ಥರ ಇದ್ದೀನಿ."

ಓರಗಿತ್ತಿ ಲೋಟ ಕೆಳಗಿಟ್ಟಳು. "ಮತ್ತೆ ಬೆನ್ನ ಮೇಲಿನ ರವಿಕೆ ಬೆವರಿಗೆ ಹಿಂಡೋ ಹಾಗಿದೆಯಲ್ಲ, ಅಕ್ಕ?"

"ಇಸ್ತ್ರಿ ಕಾವು ಕಣೆ."

"ಬೆಳಗ್ಗೆಯಿಂದ ಕರೆಂಟೇ ಇಲ್ಲ. ಇಸ್ತ್ರಿಗೆ ಒರಗಿ ಬೆಕ್ಕು ನಿದ್ದೆ ಹೊಡೀತಿದೆ ನೋಡು."

ಕೊನೆಗೆ ನಿಜ ಹೊರಬಂತು. ಕಷಾಯದಿಂದ ನನ್ನ ಬಿಸಿ ಇಳಿದೇ ಇರಲಿಲ್ಲ. ಅದಕ್ಕಿಂತ ದೊಡ್ಡ ಮಾತು, ಮುಟ್ಟು ನಿಂತು ವರ್ಷ ದಾಟಿದ ಮೇಲೆ ಮತ್ತೆ ರಕ್ತ ಕಂಡಿತ್ತು. ಹರೆಯ ಮರಳಿತೆಂದು ಒಳಗೊಳಗೇ ಬೀಗಿದ್ದೆ.

ನರ್ಸಮ್ಮ ನಗಲಿಲ್ಲ. "ಒಂದು ಹನಿ ಕಂಡ್ರೂ ತೋರಿಸಲೇಬೇಕು ಅಕ್ಕ. ಹೆಚ್ಚಿನ ಸಲ ಸಣ್ಣ ಕಾರಣ ಇರುತ್ತೆ. ಕೆಲವೊಮ್ಮೆ ಕ್ಯಾನ್ಸರೂ ಇರಬಹುದು, ಬೇಗ ಸಿಕ್ಕಿದ್ರೆ ಗುಣ ಮಾಡೋದು ಸುಲಭ. ಇವತ್ತೇ ಬನ್ನಿ."

ಓರಗಿತ್ತಿ ಅಂಗಡಿಯ ಬಾಗಿಲೆಳೆದಳು. ಪರೀಕ್ಷೆಯಲ್ಲಿ ಸಿಕ್ಕಿದ್ದು ಗರ್ಭಕೋಶದೊಳಗಿನ ಸಣ್ಣ ಗಂಟು. ತೆಗೆದರು, ಕ್ಯಾನ್ಸರ್ ಅಲ್ಲವೆಂದರು. ಬಿಸಿಗೆ ನನಗೂ ಅವಳಿಗೂ ಬೇರೆ ಬೇರೆ ಔಷಧಿ ಬರೆದರು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ.

ಅಕ್ಕತಂಗಿಯರೇ, ಬೇರು, ಪುಡಿ, ಕಷಾಯ ಏನೇ ಕುಡಿಯುತ್ತಿದ್ದರೂ ಡಾಕ್ಟರಿಗೆ ಹೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮುಚ್ಚಿಡಬೇಡಿ. ನಾನಂತೂ ಆಸ್ಪತ್ರೆಗೆ ಸಿಂಹಿಣಿಯ ಹಾಗೆ ನುಗ್ಗಿದೆ.

ಸರಿ, ಓರಗಿತ್ತಿ ಪಕ್ಕದಲ್ಲೇ ಕೂತು ಬೇಕಂತಲೇ ಕೆಮ್ಮುತ್ತಿದ್ದಾಳೆ. ನಿಜ ಹೇಳುತ್ತೇನೆ: ಹೆದರಿಕೆಯಾಗಿತ್ತು, ಅವಳ ಕೈ ಹಿಡಿದೇ ಒಳಗೆ ಹೋದೆ. ನಿಮಗೂ ಹೆದರಿಕೆಯಾದರೆ ಯಾರದಾದರೂ ಕೈ ಹಿಡಿದುಕೊಳ್ಳಿ. ಆದರೆ ಹೋಗಿ.