ಹಿಡಿಯುವ ಬ್ರೇಕು

ಕೀ ತಿರುಗಿಸಿದಾಗ ಕಾರು ಟಕ್ಕೆಂದು ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದ. ಈ ಸಲ ಟಕ್ಕೂ ಇಲ್ಲ.

ಬೆಳಗಿನಿಂದ ಅವನು ಕಾರಿನ ಸೇವೆಯಲ್ಲೇ ಇದ್ದ. ಬ್ಯಾಟರಿಯ ಟರ್ಮಿನಲ್ಲಿಗೆ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರು ಹಾಕಿ ತಿಕ್ಕಿದ್ದ, ಬ್ರೇಕ್ ಆಯಿಲ್ ತುಂಬಿದ್ದ. ಒಳಗೆ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಬೇರೆ ಊರಿನಲ್ಲಿ ಕೆಲಸ ಒಪ್ಪಿಕೊಂಡಿದ್ದಳು, ಮಧ್ಯಾಹ್ನದ ರೈಲು. "ಬೇಡ ಅಂತ ಒಂದು ಮಾತು ಹೇಳಿ, ನಾನು ಹೋಗಲ್ಲ," ಎಂದು ಮೊನ್ನೆ ಅವಳೇ ಹೇಳಿದ್ದಳು. ಅವನು ಕಾಲೇಜಿನಲ್ಲಿ ವ್ಯಾಕರಣ ಕಲಿಸುವವನು. ಯೋಚಿಸಿ ಹೇಳುತ್ತೇನೆ ಎಂದಿದ್ದ.

ನಿನ್ನೆ ಸಂಜೆ ಆ ಮಾತನ್ನು ಜೋಡಿಸುತ್ತ ಕಾರಿನಲ್ಲೇ ಕೂತಿದ್ದ. 'ಹೋಗಬೇಡ' ಎಂದರೆ ಅಪ್ಪಣೆಯಾಗುತ್ತದೆ. 'ಹೋಗದಿದ್ದರೆ ಒಳ್ಳೆಯದು' ಎಂದರೆ, ಯಾರಿಗೆ ಒಳ್ಳೆಯದು? ಎದ್ದು ಬರುವಾಗ ಕಾರಿನೊಳಗಿನ ದೀಪ ಆರಿಸಿರಲಿಲ್ಲ. ಮರೆತದ್ದೋ ಬೇಕೆಂದೇ ಬಿಟ್ಟದ್ದೋ, ಅವನಿಗೇ ಖಾತ್ರಿಯಿಲ್ಲ.

ಮೆಕ್ಯಾನಿಕ್‌ಗೆ ಫೋನು ಮಾಡಿದ.

"ಬ್ಯಾಟರಿ ಡೌನ್ ಆಗಿದೆ ಸಾರ್. ತಳ್ಳಿಸಿ ಸ್ಟಾರ್ಟ್ ಮಾಡಿ. ಒಂದು ಸಲ ಹೊರಟ್ರೆ ಆಫ್ ಆಗೋಕೆ ಬಿಡಬೇಡಿ. ಬ್ರೇಕ್ ಹೇಗಿದೆ?"

"ಹಿಡಿಯುತ್ತೆ."

"ಹಿಡಿಯುತ್ತೋ, ಹಿಡ್ಕೊಂಡಿದೆಯೋ? ಹಿಡ್ಕೊಂಡಿದ್ರೆ ಎಷ್ಟು ತಳ್ಳಿದ್ರೂ ಉರುಳಲ್ಲ."

ಅವನಿಗೆ ಖುಷಿಯಾಯಿತು. ಒಂದೇ ಧಾತು, ಒಂದು ಗುಣ, ಇನ್ನೊಂದು ರೋಗ. ನಾಳೆ ತರಗತಿಯಲ್ಲಿ ಹೇಳಬಹುದು. ನಾಳೆ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು.

ಹೆಂಡತಿ ಸೂಟ್‌ಕೇಸ್ ತಂದು ಹಿಂದಿನ ಸೀಟಿನ ಮೇಲಿಟ್ಟಳು.

"ಹೊರಡೋಣ್ವಾ?"

"ಬ್ಯಾಟರಿ ಡೌನ್ ಆಗಿದೆ."

ಅವಳು ಅವನ ಮುಖವನ್ನೇ ನೋಡಿದಳು. "ಬೇರೆ ಏನಾದ್ರೂ ಹೇಳೋದಿದೆಯಾ?"

"ತಳ್ಳಬೇಕಂತೆ."

"ಯಾರು, ನಾನಾ?"

"ನಿನಗೆ ಡ್ರೈವಿಂಗ್ ಬರಲ್ವಲ್ಲ."

ಅವಳಿಗೆ ನಗು ಬಂತು. "ಸರಿ ಬಿಡಿ. ನನ್ನನ್ನ ಕಳಿಸೋ ಕೆಲಸಾನೂ ನಾನೇ ಮಾಡ್ಬೇಕು."

ಗೇಟಿನಾಚೆ ರಸ್ತೆ ಇಳಿಜಾರು. ಕನ್ನಡಿಯಲ್ಲಿ ಅವಳ ಬಗ್ಗಿದ ತಲೆಯಷ್ಟೇ ಕಾಣುತ್ತಿತ್ತು. ಕ್ಲಚ್ ಬಿಟ್ಟ. ಕಾರು ಕೆಮ್ಮಿತು, ಜರ್ಕು ಹೊಡೆಯಿತು, ಸ್ಟಾರ್ಟ್ ಆಯಿತು.

ಪಾರ್ಕು ಸುತ್ತಿಕೊಂಡು ಮನೆಯ ಮುಂದೆ ಬಂದ. ಅವಳು ಗೇಟಿನ ಹತ್ತಿರ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ನಿಲ್ಲಿಸಿದರೆ ಆಫ್ ಆದೀತು. ಮುಂದೆ ಹೋದ. ನಿಲ್ಲಿಸಿದರೆ ಅವಳು ಹತ್ತುತ್ತಾಳೆ, ಹತ್ತಿದರೆ ಸ್ಟೇಷನ್ನು. ಇನ್ನೊಂದು ಸುತ್ತು ಹಾಕಿದ. ತಿರುವಿನಲ್ಲಿ ಸೂಟ್‌ಕೇಸ್ ಸೀಟಿನ ಆ ತುದಿಯಿಂದ ಈ ತುದಿಗೆ ಜಾರಿತು. ಬ್ರೇಕು ಚೆನ್ನಾಗಿತ್ತು, ಕಾಲು ತಾಗಿಸಿದರೆ ಸಾಕು. ಬೆಳಗ್ಗೆ ತಾನೇ ನೋಡಿದ್ದಾನೆ.

ಪಾರ್ಕಿನ ಹಿಂದೆ, ಯಾರೂ ಇಲ್ಲದ ಕಡೆ, "ಹೋಗಬೇಡ" ಎಂದು ಗಟ್ಟಿಯಾಗಿ ಹೇಳಿದ. ತಪ್ಪೇನೂ ಇರಲಿಲ್ಲ. ವಾಕ್ಯ ಸರಿಯಾಗಿಯೇ ಇತ್ತು.

ಮತ್ತೆ ಮನೆ ಬಂದಾಗ ಅವಳು ರಸ್ತೆಗೆ ಇಳಿದು ಕೈ ಎತ್ತಿದಳು. ಹಿಂದೆಯೇ ಒಂದು ಖಾಲಿ ಟ್ಯಾಕ್ಸಿ ಬರುತ್ತಿತ್ತು. ಕೈ ಎತ್ತಿದ್ದು ತನಗೋ, ಅದಕ್ಕೋ? ಯೋಚಿಸುವಷ್ಟರಲ್ಲಿ ಮತ್ತೆ ತಿರುವು. ಹಿಂದಿನ ಸೀಟಿನಲ್ಲಿ ಅವಳ ಸೂಟ್‌ಕೇಸ್ ಜಾರಿ ಹೋಗಿ, ಒಳಗೆ ಸಿಕ್ಕಿಬಿದ್ದವರು ಬಡಿದ ಹಾಗೆ ಬಾಗಿಲಿಗೆ ಬಡಿಯಿತು.