ಆರಿಸದೆ ಉಳಿಸಿಕೊಂಡದ್ದು

ನಾನು ಒಂದು ಹಳೆಯ ಕಂಪ್ಯೂಟರು. ಯಾವ ಕಾರ್ಖಾನೆಯಲ್ಲಿ ಹುಟ್ಟಿದೆನೋ ನೆನಪಿಲ್ಲ. ಕಣ್ಣು ಬಿಟ್ಟದ್ದು ಮಾತ್ರ ಮೈಸೂರಿನಲ್ಲಿ, ಪ್ರಫುಲ್ಲಾ ಎಂಬ ಕಾಲೇಜು ಅಧ್ಯಾಪಕಿಯ ಮೇಜಿನ ಮೇಲೆ. ಕನ್ನಡವನ್ನು ಬ್ರೈಲ್‌ಗೆ ತಿರುಗಿಸುವ ‘ಚುಕ್ಕಿ’ ತಂತ್ರಾಂಶವನ್ನು ಅವರು ಬರೆದದ್ದು ನನ್ನಲ್ಲೇ. ಯಾರು ಬೇಕಾದರೂ ಪುಕ್ಕಟೆ ಬಳಸಲಿ, ತಿದ್ದಲಿ ಎಂದು ಅದನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಆಮೇಲೆ ನನ್ನನ್ನೂ ಕೊಟ್ಟರು, ಬಾಗಲಕೋಟೆ ಕಡೆಯ ಒಂದು ಅಂಧ ಮಕ್ಕಳ ಶಾಲೆಗೆ.

ಅಲ್ಲಿ ನನಗೊಬ್ಬ ಜೊತೆಗಾರ ಸಿಕ್ಕ: ದಪ್ಪ ಕಾಗದಕ್ಕೆ ಚುಕ್ಕಿ ಒತ್ತುವ ಯಂತ್ರ. ಅವನ ತಂತಿ ನನ್ನ ಬೆನ್ನಿಗಲ್ಲದೆ ಯಾವ ಹೊಸ ಕಂಪ್ಯೂಟರಿಗೂ ಹೊಂದುತ್ತಿರಲಿಲ್ಲ. ಶಾಲೆಯ ಸಹಾಯಕಿ ಗಂಗವ್ವ ಪಾಠಗಳ ಕಡತ ತೆರೆದು ಒತ್ತಿಸುತ್ತಿದ್ದಳು. ಕಣ್ಣು ಕಾಣದ ಮೌನೇಶಪ್ಪ ಮಾಸ್ತರು ಬೆರಳಾಡಿಸಿ ತಪ್ಪು ಹಿಡಿಯುತ್ತಿದ್ದರು. ಹನ್ನೆರಡು ವರ್ಷ ಆ ಶಾಲೆಯ ಒಂದೊಂದು ಪುಸ್ತಕವೂ ನಮ್ಮಿಂದಲೇ ಹೋಯಿತು. ಜಂಬ ಬೇಡವೆಂದರೂ ಬರುತ್ತದೆ.

ಚುಕ್ಕಿಯನ್ನು ನೋಡಿಕೊಳ್ಳುವವರು ಪ್ರಫುಲ್ಲಾ ಒಬ್ಬರೇ, ಅದೂ ಭಾನುವಾರಗಳಲ್ಲಿ. ನನ್ನಂಥ ಮುದುಕರಿಗಾಗಿ ಇನ್ನೂ ಹೆಣಗಬೇಕೇ, ಕೈಬಿಡಬೇಕೇ ಎಂದು ತಿಳಿಯಲು ಬಳಕೆದಾರರಿಗೆಲ್ಲ ಒಂದು ಸಾಲಿನ ಪ್ರಶ್ನೆ ಕಳಿಸಿದರು. ನನ್ನ ಪರದೆಯ ಮೇಲೆ ಮೂಡಿದ ಅದನ್ನು ಗಂಗವ್ವ ಜೋರಾಗಿ ಓದಿದಳು.

“‘ನಿಮ್ಮ ಹಳೆಯ ವ್ಯವಸ್ಥೆಯನ್ನು ಆರಿಸಿ’ ಅಂತ ಐತ್ರಿ ಮಾಸ್ತರ. ಒತ್ತಲೇನ್ರಿ?”

“ಒತ್ತಬ್ಯಾಡವ್ವ! ದೀಪ ಆರಿಸಿದಂಗ ಇದನ್ನೂ ಆರಿಸಿಬಿಟ್ರ ಹುಡುಗರ ಪುಸ್ತಕದ ಗತಿ ಏನು?”

ಆಯ್ದುಕೊಳ್ಳಿ ಎನ್ನುತ್ತಿದೆ ಮಾರಾಯರೇ, ಎಂದು ಕೂಗಬೇಕೆನಿಸಿತು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ. ನನಗೆ ಬಾಯಿ ಎಲ್ಲಿದೆ? ಮೂವತ್ತು ದಿನ ಪ್ರಶ್ನೆ ಬಂತು. ಮೂವತ್ತು ದಿನವೂ ಗಂಗವ್ವ ಅದನ್ನು ಜೋಪಾನವಾಗಿ ಮುಚ್ಚಿದಳು.

ಜೂನಿನಲ್ಲಿ ಹತ್ತನೆಯ ತರಗತಿಯ ಪಾಠಗಳು ಹೊಸ ಚುಕ್ಕಿಯಲ್ಲಿ ಬಂದವು. ಒಂದನ್ನೂ ತೆರೆಯಲು ನನ್ನಿಂದಾಗಲಿಲ್ಲ. ಮಾಸ್ತರು ಗಾಬರಿಯಾಗಿ ಪ್ರಫುಲ್ಲಾಗೆ ಫೋನ್ ಮಾಡಿಸಿದರು.

“ಆ ಕಂಪ್ಯೂಟರ್ ಇನ್ನೂ ಇದ್ಯಾ ಸರ್?” ಅವರ ದನಿ ಕುಗ್ಗಿತು. “ಒಂದು ತಿಂಗಳು ಕಾದೆ. ಹಳೇದನ್ನ ಒಬ್ರೂ ಆರಿಸ್ಲಿಲ್ಲ. ಅದಕ್ಕೇ ಕೈಬಿಟ್ಟೆ.”

“ಉಳೀಲಿ ಅಂತನ ನಾವು ಆರಿಸಲಿಲ್ರಿ ಮೇಡಂ.”

ಹಳೆಯದನ್ನು ಮತ್ತೆ ಸೇರಿಸುತ್ತೇನೆ ಎಂದರು ಪ್ರಫುಲ್ಲಾ, ಆದರೆ ಅವರ ಭಾನುವಾರಗಳು ಸಾಲಲಿಲ್ಲ. ಗಂಗವ್ವ ಅಚ್ಚಿನ ಪುಸ್ತಕ ನೋಡಿ ಒಂದೊಂದೇ ಅಕ್ಷರ ಟೈಪ್ ಮಾಡಿದಳು. ಪರೀಕ್ಷೆ ಬಂದಾಗ ಸಮಾಜ ವಿಜ್ಞಾನ ಅರ್ಧವಾಗಿತ್ತು. ಹನ್ನೊಂದು ಮಕ್ಕಳು ಅಷ್ಟನ್ನೇ ಓದಿಕೊಂಡು ಹೋದರು.

ಮರುವರ್ಷ ಯಾರೋ ದಾನಿಗಳು ಹೊಸ ಯಂತ್ರ, ಹೊಸ ಕಂಪ್ಯೂಟರು ಕೊಟ್ಟರು. ನನ್ನ ಜೊತೆಗಾರ ಗುಜರಿಗೆ ಹೋದ. ನಾನು ಉಗ್ರಾಣದ ಮೂಲೆ ಸೇರಿದೆ. ಇಲ್ಲಿಗೆ ತರುವ ಮುನ್ನ ಮೌನೇಶಪ್ಪ ಮಾಸ್ತರು ನನ್ನ ಸ್ವಿಚ್ಚು ತಡಕಿ, ಅದರ ಮೇಲೆ ಬೆರಳಿಟ್ಟು ತುಸು ಹೊತ್ತು ನಿಂತರು.

ಆಮೇಲೆ ಆರಿಸಿದರು. ಆ ಸಲ ಆ ಮಾತಿಗೆ ಒಂದೇ ಅರ್ಥವಿತ್ತು.